ರಿಗತೊ

ಮುನ್ನಿ ಬೀ ಕನ್ನಡವನ್ನು ಬಲಗಡೆಯಿಂದ ಕಲಿತಳು. ನಲವತ್ತೇಳನೇ ವಯಸ್ಸಿಗೆ ಕಲಿತಳು. ಸಿಟ್ಟಿಗೆ ಕಲಿತಳು.

ಕಲಿಯಲು ಪ್ರೀತಿ ಬೇಕು ಅನ್ನುವವರು ಒಂದು ದಿನ ದಾಲ್ ಮಿಲ್ಲಿನೊಳಗೆ ನಿಂತು ನೋಡಲಿ. ಅಲ್ಲಿ ಪ್ರೀತಿ ಹೊಟ್ಟಿನ ಜೊತೆ ಹಾರಿಹೋಗುತ್ತದೆ. ಸಿಟ್ಟು ತೂಕದ್ದು, ಕಾಳಿನ ಹಾಗೆ ಕೆಳಗೆ ಉಳಿಯುತ್ತದೆ.

ಮಿಲ್ಲು ಹುಮನಾಬಾದಿನ ಹೊರಗೆ, ಹೆದ್ದಾರಿಗೆ ಬೆನ್ನು ಮಾಡಿ ನಿಂತಿತ್ತು. ಮಾಲೀಕ ಮಹಾರುದ್ರಪ್ಪ ಸಾವ್ಕಾರ. ಮುನ್ನಿ ಬೀ ಬಸವಕಲ್ಯಾಣದವಳು. ಗಂಡ ತೀರಿಕೊಂಡಿದ್ದ, ಮಗಳು ಲಗ್ನವಾಗಿ ಹೋಗಿದ್ದಳು. ಇಪ್ಪತ್ತಾರು ವರ್ಷದಿಂದ ದಿನಾ ಬೆಳಿಗ್ಗೆ ಮೊದಲ ಬಸ್ಸಿಗೆ ರೊಟ್ಟಿ ಗಂಟು ಹಿಡಿದು ಬರುತ್ತಿದ್ದಳು. ಬಂದು, ಬುರ್ಖಾ ಮೊಳೆಗೆ ನೇತುಹಾಕಿ, ಸೆರಗು ಮೂಗಿಗೆ ಕಟ್ಟಿ ಬೇಳೆ ಆರಿಸಲು ಕೂರುತ್ತಿದ್ದಳು. ಆಕೆಯೂ ಸೇರಿ ನಲವತ್ತು ಹೆಂಗಸರು. ನೆಲದ ಮೇಲೆ ಸಾಲು. ಮುಂದೆ ಬೇಳೆಯ ರಾಶಿ. ಬಲಕ್ಕೆ ಒಳ್ಳೆಯದು, ಎಡಕ್ಕೆ ಹುಳುಕು, ಮಡಿಲಲ್ಲಿ ಕಲ್ಲು. ಸಂಜೆ ಏಳುವಾಗ ಮೊಣಕಾಲು ಬಿಚ್ಚುವುದಿಲ್ಲ. ಒಬ್ಬರ ಕೈ ಒಬ್ಬರು ಹಿಡಿದು ಜಗ್ಗಿ ನಿಲ್ಲಿಸಬೇಕು. ಉಗುಳಿದರೆ ಹಳದಿ. ಪಾಯಖಾನೆಗೆ ಬೀಗ. ಕೀಲಿ ಗ್ರೇಡರನ ಹತ್ತಿರ. ದಿನಕ್ಕೆ ಎರಡನೇ ಸಲ ಕೇಳಿದರೆ ಅವನು ಗೋಡೆಯ ಗಡಿಯಾರ ನೋಡುತ್ತಿದ್ದ. ಹಾಗಾಗಿ ಹೆಂಗಸರು ನೀರು ಕುಡಿಯುವುದನ್ನೇ ಬಿಟ್ಟಿದ್ದರು.

ಗ್ರೇಡರ್ ಅಂದರೆ ಕಾಳು ನೋಡಿ ದರ್ಜೆ ಹೇಳುವವನು, ಚೀಲಕ್ಕೆ ಚೀಟಿ ಬರೆಯುವವನು. ಅವನಿಗೊಂದು ಕುರ್ಚಿ. ಕಬ್ಬಿಣದ ಕಾಲು, ಕೆಂಪು ರೆಕ್ಸಿನ್ನು. ಇಡೀ ಮಿಲ್ಲಿನಲ್ಲಿ ಬೆನ್ನು ಆನಿಸಲು ಇದ್ದದ್ದು ಅದೊಂದೇ.

ಆ ಕುರ್ಚಿಗೆ ಇಪ್ಪತ್ತಾರು ವರ್ಷದಲ್ಲಿ ಮೂರು ಗಂಡಸರು ಬಂದರು. ಮೂವರಿಗೂ ಕಾಳು ನೋಡುವುದನ್ನು ಕಲಿಸಿದವಳು ಮುನ್ನಿ ಬೀ. ಆಕೆ ಒಂದು ಕಾಳು ಹಲ್ಲಿಗಿಟ್ಟು ಕಟ್ ಅನ್ನಿಸಿದಳೆಂದರೆ, ಒಳಗೆ ತೇವ ಎಷ್ಟಿದೆ, ಬಿಸಿಲು ಎಷ್ಟು ದಿನದ್ದು, ಇದು ಕೊಹಿನೂರ ಊರಿನ ಎರೆಹೊಲದ್ದೋ ಮುಡಬಿಯ ಮೊರಮಿನ ಕಲ್ಲುನೆಲದ್ದೋ, ಎಲ್ಲ ಹೇಳುತ್ತಿದ್ದಳು. ಮೂರನೆಯವನು ಶಂಕರಲಿಂಗ. ಸಾವ್ಕಾರನ ಹೆಂಡತಿಯ ತಮ್ಮನ ಮಗ, ಬಿ.ಕಾಂ. ಬಂದ ಹೊಸದರಲ್ಲಿ ಅವನಿಗೆ ಹುಳ ತಿಂದ ಕಾಳಿಗೂ ಮಳೆ ತಿಂದ ಕಾಳಿಗೂ ಭೇದ ಗೊತ್ತಿರಲಿಲ್ಲ. ಒಂದು ತಿಂಗಳು ಆಕೆಯ ಹಿಂದೆ ಚಾಚಿ, ಚಾಚಿ ಎಂದು ತಿರುಗಿ ಕಲಿತ. ಕಲಿತ ಮೇಲೆ ಕುರ್ಚಿಯಲ್ಲಿ ಕೂತು ಮೊದಲು ಹೇಳಿದ ಮಾತು, ಕೀಲಿ ನನ್ನ ಹತ್ತಿರ ಇರುತ್ತದೆ ಅಂತ.

ಹಾಜರಿ ಪುಸ್ತಕದಲ್ಲಿ ಹೆಂಗಸರ ಹೆಸರಿನ ಮುಂದೆಲ್ಲ ಒಂದೇ ಪದ ಇತ್ತು. ಏನದು ಎಂದು ಮುನ್ನಿ ಬೀ ಒಮ್ಮೆ ಗಯಾಬಾಯಿಯನ್ನು ಕೇಳಿದಳು. ಗಯಾಬಾಯಿ ಘಾಟಬೋರಾಳದವಳು, ನಾಲ್ಕನೇ ಇಯತ್ತೆ ಪಾಸು, ಆ ಸಾಲಿನಲ್ಲಿ ಅಕ್ಷರ ಬರುವವಳು ಅವಳೊಬ್ಬಳೇ. ಅವಳು ಬಗ್ಗಿ ನೋಡಿ, "ಅಕುಶಲ" ಅಂದಳು.

"ಹಂಗಂದ್ರ?"

"ಕುಶಲ ಅಂದ್ರ ಆರಾಮ ಅದೀರೇನು ಅಂತ ಕೇಳ್ತಾರಲ್ಲ, ಅದು. ಅಕುಶಲ ಅಂದ್ರ ಆರಾಮ ಇಲ್ಲದಾಕಿ."

"ನನಗೇನಾಗ್ಯಾದ? ಗಟ್ಟಿ ಅದೀನಿ."

ಇಬ್ಬರೂ ಅದನ್ನು ಬಹಳ ದಿನ ನಂಬಿದ್ದರು. ಸಾವ್ಕಾರ ತಮ್ಮ ಜಡ್ಡುಜಾಪತ್ತಿನ ಲೆಕ್ಕ ಇಟ್ಟಿದ್ದಾನೆ, ಒಳ್ಳೆಯ ಮನುಷ್ಯ ಅಂದುಕೊಂಡಿದ್ದರು. ಅಕುಶಲ ಅಂದರೆ ಕಸುಬು ಗೊತ್ತಿಲ್ಲದವಳು ಎಂದು ತಿಳಿದದ್ದು ಶಂಕರಲಿಂಗ ನಕ್ಕು ಹೇಳಿದಾಗ. ತನಗೆ ಕಸುಬು ಕಲಿಸಿದವಳಿಗೆ, ನಿನಗೆ ಕಸುಬು ಬರುವುದಿಲ್ಲ ಎಂದು ಪುಸ್ತಕ ತೋರಿಸಿ ಹೇಳಿದ. ಹೇಳುವಾಗ ಅವನಿಗೆ ಏನೂ ಅನ್ನಿಸಲಿಲ್ಲ. ಕುರ್ಚಿಯ ಮೇಲೆ ಕೂತವರಿಗೆ ಇಂಥದ್ದು ಅನ್ನಿಸುವುದು ಕಡಿಮೆ.

ಹೊಸ ತೊಗರಿ ಬಂದ ತಿಂಗಳು, ಸಾವ್ಕಾರ ಊಟದ ಹೊತ್ತಿಗೆ ಒಳಗೆ ಬಂದು ಹೊಸ ಯಂತ್ರ ಬರುತ್ತದೆ ಎಂದು ಸಾರಿದ. ಅದರೊಳಗೆ ಕ್ಯಾಮೆರಾ ಇರುತ್ತದೆ, ಕಪ್ಪು ಕಾಳು ಕಂಡರೆ ಗಾಳಿ ಊದಿ ಹೊರಗೆ ಹಾರಿಸುತ್ತದೆ ಅಂದ. ಗಯಾಬಾಯಿ ತನ್ನ ತೋಳು ನೋಡಿಕೊಂಡು, ಕರ್ರಗಿದ್ದವರನ್ನು ಹೊರಗೆ ಹಾಕುವ ಯಂತ್ರವಾದರೆ ಮೊದಲು ನಾನೇ ಹಾರುತ್ತೇನೆ ಅಂದಳು. ಸಾಲೆಲ್ಲ ನಕ್ಕಿತು. ಮುನ್ನಿ ಬೀ ನಗಲಿಲ್ಲ. ಕೈಯಲ್ಲಿದ್ದ ರೊಟ್ಟಿ ಕೆಳಗಿಟ್ಟು ಎದ್ದು ನಿಂತಳು.

"ಸಾವ್ಕಾರ, ಆ ಯಂತ್ರದ ಮುಂದ ಯಾರು ಕುಂದರ್ತಾರ?"

"ಯಾರರೆ ಒಬ್ರು ಬೇಕಲ್ಲ. ಗುಂಡಿ ಒತ್ತಬೇಕು, ಪರದೆ ನೋಡಬೇಕು."

"ನನಗ ಕಲಿಸ್ರಿ."

ಸಾವ್ಕಾರ ಮೊದಲು ಶಂಕರಲಿಂಗನ ಮುಖ ನೋಡಿದ. ಆಮೇಲೆ ಹಮಾಲರ ಮುಖ ನೋಡಿದ. ಎಲ್ಲರೂ ನಗಲು ತಯಾರಾಗಿದ್ದಾರೆ ಎಂದು ಖಾತ್ರಿ ಮಾಡಿಕೊಂಡ.

"ಮೊದಲ ಓದಾಕ ಕಲಿ ಮುನ್ನಿ. ನನ್ನ ಮುಂದ ಒಂದು ಕಾಗದ ಓದಿ ತೋರ್ಸು. ಅವತ್ತೇ ಕುರ್ಚಿ ಮ್ಯಾಲ ಕುಂದರಸ್ತೀನಿ."

ಶಂಕರಲಿಂಗ, ಚಾಚಿಗೆ ಈ ವಯಸ್ಸಿಗೆ ಅಕ್ಷರಕ್ಕಿಂತ ಕಣ್ಣಿನ ಆಪರೇಷನ್ ಮೊದಲು ಆಗಬೇಕು ಅಂದ. ಆಗ ಬಿದ್ದ ನಗೆಗೆ ತಗಡಿನ ಮೇಲಿನ ಪಾರಿವಾಳ ಎದ್ದವು. ಮುನ್ನಿ ಬೀ ಕೂತು ಉಳಿದ ರೊಟ್ಟಿ ತಿಂದಳು. ಕೊನೆಯ ತುತ್ತು ನುಂಗಿ ಗಯಾಬಾಯಿಗೆ, ನಾಳೆಯಿಂದ ಶುರು ಅಂದಳು.

ಪಾಟಿ ಇರಲಿಲ್ಲ. ಹೊಟ್ಟು ಇತ್ತು. ಊಟದ ಅರ್ಧ ಗಂಟೆಯಲ್ಲಿ ಗಯಾಬಾಯಿ ನೆಲದ ಮೇಲೆ ತೊಗರಿ ಹೊಟ್ಟು ಹರಡಿ, ಅಂಗೈಯಿಂದ ಸಪಾಟು ಮಾಡಿ, ಬೆರಳಲ್ಲಿ ಅ ಬರೆಯುತ್ತಿದ್ದಳು. ಮುನ್ನಿ ಬೀ ಎದುರಿಗೆ ಕೂತು ತಿದ್ದುತ್ತಿದ್ದಳು. ಅಷ್ಟು ವರ್ಷ ಕಾಳಿನಲ್ಲಿ ಕಣ್ಣು ಪಳಗಿದವಳಿಗೆ ಅಕ್ಷರದ ಗುರುತು ಸಿಗುವುದು ಕಷ್ಟವಾಗಲಿಲ್ಲ. ಥ ಅಂದರೆ ಹೊಟ್ಟೆಯಲ್ಲಿ ಹುಳ ಬಿದ್ದ ಕಾಳು. ರ ಅಂದರೆ ಒಳ್ಳೆ ಗುಂಡು ಕಾಳು. ಒತ್ತಕ್ಷರ ಬಂದಾಗ ಮಾತ್ರ ತಕರಾರು ತೆಗೆದಳು.

"ಇದೇನಿದು, ಲ ಕೆಳಗ ಇನ್ನೊಂದು ಲ?"

"ಒತ್ತು ಅಂತಾರ. ಎರಡೂ ಒಂದೇ ಲ."

"ಎರಡೂ ಒಂದೇ ಆದ್ರ ಒಂದು ಮ್ಯಾಲ ಕುಂತದ, ಒಂದು ಕೆಳಗ ಹೊತ್ತದ, ಯಾಕ? ಇದೂ ಮಹಾರುದ್ರಪ್ಪನ ಮಿಲ್ಲೇನು?"

ಗಯಾಬಾಯಿ ನಕ್ಕು, ಹೊಟ್ಟು ಮತ್ತೆ ಸಪಾಟು ಮಾಡಿದಳು. ಅದಕ್ಕೆ ವ್ಯಾಕರಣ ಬರೆದವರೇ ಉತ್ತರ ಹೇಳಬೇಕು.

ಎರಡು ತಿಂಗಳಲ್ಲಿ ಆಕೆ ಶಬ್ದ ಬರೆಯುವಷ್ಟು ಕಲಿತಳು. ತಪ್ಪು ಯಾರಿಗೂ ಕಾಣಲಿಲ್ಲ. ಕಾಣುವ ಹಾಗೆಯೂ ಇರಲಿಲ್ಲ. ಮುನ್ನಿ ಬೀ ಸಣ್ಣವಳಿದ್ದಾಗ ಬಸವಕಲ್ಯಾಣದ ಓಣಿಯಲ್ಲಿ ಒಬ್ಬ ಉಸ್ತಾನಿಯ ಹತ್ತಿರ ಕುರಾನು ಓದುವುದನ್ನು, ಒಂದಿಷ್ಟು ಉರ್ದುವನ್ನು ಕಲಿತಿದ್ದಳು. ಹನ್ನೊಂದು ವರ್ಷಕ್ಕೆ ಅದೂ ನಿಂತಿತು. ಆದರೆ ಕೈಗೆ ಕಲಿತದ್ದು ನಿಲ್ಲುತ್ತದೆಯೇ? ಉರ್ದು ಬಲದಿಂದ ಎಡಕ್ಕೆ ನಡೆಯುವ ಬರಹ. ಓದು ಅಂದರೆ ಬಲಗಡೆಯಿಂದ ಹೊರಡುವುದು ಎಂದೇ ಆಕೆಯ ಕೈ ತಿಳಿದಿತ್ತು. ಕನ್ನಡವನ್ನೂ ಬಲದಿಂದಲೇ ಹೊರಡಿಸಿದಳು. ಎದುರಿಗೆ ಕೂತ ಗಯಾಬಾಯಿಗೆ, ಅಕ್ಷರ ತಲೆಕೆಳಗಾದರೂ, ಸಾಲು ಎಡದಿಂದಲೇ ಬರುತ್ತಿರುವ ಹಾಗೆ ಕಂಡಿತು. ಒಬ್ಬಳಿಗೆ ಉಲ್ಟಾ, ಒಬ್ಬಳಿಗೆ ಸುಲ್ಟಾ. ಇಬ್ಬರೂ ಖುಷಿಯಾಗಿದ್ದರು.

ಒಂದು ದಿನ ಶಂಕರಲಿಂಗ ಫೋನಿನಲ್ಲಿ ಕ್ರಿಕೆಟ್ ನೋಡುತ್ತಿದ್ದ. ಲಾರಿ ಹೊರಡುವ ಹೊತ್ತು, ಅರವತ್ತು ಚೀಲಕ್ಕೆ ಚೀಟಿ ಆಗಬೇಕಿತ್ತು. ನಾನು ಬರೆಯಲೇ ಎಂದು ಮುನ್ನಿ ಬೀ ಕೇಳಿದಳು. ಅವನು ತಲೆ ಎತ್ತದೆ ಪೆನ್ನು ಎಸೆದ. ಆಕೆ ನಾಲಗೆ ತುದಿ ಕಚ್ಚಿಕೊಂಡು ಅರವತ್ತೂ ಬರೆದಳು.

ಮೂರನೇ ದಿನ ಕಲಬುರಗಿಯ ದಲಾಲಿಯ ಫೋನು ಬಂತು. ತೊಗರಿ ಕಳಿಸಿ ಅಂದರೆ ಇದ್ಯಾವುದೋ ರಿಗತೊ ಕಳಿಸಿದ್ದೀರಿ, ಮಾಲು ಭಾಳ ಸ್ವಚ್ಛ ಅದೆ, ಆದರೆ ಹೆಸರು ಯಾವ ದೇಶದ್ದು ಎಂದು ಅವನು ಕೇಳಿದ. ತೂಕದ ಅಂಕಿ ಮಾತ್ರ ಅರವತ್ತರಲ್ಲೂ ಸರಿ ಇತ್ತು. ಉರ್ದುವಿನಲ್ಲೂ ಅಂಕಿ ಎಡದಿಂದಲೇ ಬರೆಯುತ್ತಾರೆ.

ಸಾವ್ಕಾರ ಆಕೆಯನ್ನು ತೂಕದ ಕಟ್ಟೆಯ ಹತ್ತಿರ ಕರೆಸಿದ. ಹಮಾಲರಿದ್ದರು, ಲಾರಿ ಚಾಲಕರಿದ್ದರು, ತೊಗರಿ ತಂದ ರೈತರಿದ್ದರು. ಕೈಗೆ ಖಡು, ಸೀಮೆಸುಣ್ಣದ ತುಂಡು, ಕೊಟ್ಟು, ನೆಲದ ಮೇಲೆ ತೊಗರಿ ಅಂತ ಬರಿ ಅಂದ. ಮುನ್ನಿ ಬೀ ಕುಕ್ಕರಗಾಲಲ್ಲಿ ಕೂತು, ಬಲಗಡೆ ತೊ ಬರೆದಳು. ಅದರ ಎಡಕ್ಕೆ ಗ. ಅದರ ಎಡಕ್ಕೆ ರಿ. ನೋಡುತ್ತಿದ್ದವರಲ್ಲಿ ಒಬ್ಬ ನಕ್ಕು ನಕ್ಕು ಚೀಲದ ಮೇಲೆ ಬಿದ್ದ. ಸಾವ್ಕಾರ, ಈಗ ನಿನ್ನ ಸೆರಗಿನಿಂದಲೇ ಅದನ್ನು ಒರೆಸು ಅಂದ.

ಆಕೆ ಸೆರಗು ಮುಟ್ಟಲಿಲ್ಲ. ಅಂಗೈಯಿಂದ ಒರೆಸಿದಳು. ಸಿಮೆಂಟು ಒರಟಾಗಿತ್ತು. ಚರ್ಮ ಕಿತ್ತು ಬರುವವರೆಗೆ, ಅಕ್ಷರ ಹೋದ ಮೇಲೂ ಒರೆಸಿದಳು. ಸಾವ್ಕಾರನೇ ಸಾಕು ಅನ್ನಬೇಕಾಯಿತು.

ಅವತ್ತಿನಿಂದ ಮಿಲ್ಲಿನಲ್ಲಿ ತೊಗರಿಗೆ ರಿಗತೊ ಎಂದೇ ಹೆಸರು ಬಿತ್ತು. ಹಮಾಲರು, ರಿಗತೊ ಇಳಿಸಬೇಕಾ, ರಿಗತೊ ಏರಿಸಬೇಕಾ ಎಂದು ಕೂಗತೊಡಗಿದರು. ಶಂಕರಲಿಂಗ ಆಕೆಯನ್ನೇ ರಿಗತೊ ಅಂತ ಕರೆದ. ಗಯಾಬಾಯಿಗೆ ನಾಚಿಕೆಯಾಯಿತು. ಕಲಿಸಿದ್ದು ನಾನು, ತಪ್ಪು ನನ್ನದು, ಇಲ್ಲಿಗೆ ಬಿಡೋಣ ಅಂದಳು. ಮುನ್ನಿ ಬೀ ಅಂಗೈಗೆ ಅರಿಶಿನ ಮೆತ್ತಿಕೊಳ್ಳುತ್ತ, "ನಕೋ. ನೀ ಎದುರಿಗೆ ಕುಂದರಬ್ಯಾಡ, ಮಗ್ಗಲಿಗೆ ಬಾ" ಅಂದಳು. ಪಾಠ ಅಲ್ಲಿಂದ ಮತ್ತೆ ಹೊರಟಿತು. ಈ ಸಲ ಎಡಗಡೆಯಿಂದ.

ಬೆರಳು ಬೇಗ ದಾರಿಗೆ ಬಂತು. ಕಣ್ಣು ಬರಲಿಲ್ಲ. ಒಂದೊಂದು ಶಬ್ದವನ್ನು ಎಡದಿಂದ ಸರಿಯಾಗಿಯೇ ಓದುತ್ತಿದ್ದಳು, ಆದರೆ ಸಾಲು ಎದುರಿಗೆ ಬಂತೆಂದರೆ ಕಣ್ಣು ಮೊದಲು ಬಲತುದಿಗೆ ಓಡುತ್ತಿತ್ತು. ಅಲ್ಲಿನ ಶಬ್ದ ಓದಿ, ಆಮೇಲೆ ಹಿಂದಕ್ಕೆ ಸರಿಯುತ್ತಿತ್ತು. ದಿನಾ ಬಸ್ಸಿನಲ್ಲಿ ಹೀಗೆಯೇ ಓದಿಕೊಂಡು ಬಂದಳು. ಬಸವಕಲ್ಯಾಣ–ಹುಮನಾಬಾದ ಅನ್ನುವ ಬಸ್ಸಿನ ಬೋರ್ಡನ್ನು ಯಾವ ತುದಿಯಿಂದ ಓದಿದರೂ ನಷ್ಟವಿರಲಿಲ್ಲ, ಅದೇ ಬಸ್ಸು. ಆದರೆ ಗೋಡೆಯ ಮೇಲಿನ ಬರಹಗಳಲ್ಲಿ ಒಂದು ಸಂಗತಿ ಆಕೆಗೆ ಹೊಳೆಯಿತು. ಒಂದು ವಾರ ಯಾರಿಗೂ ಹೇಳದೆ ಪರೀಕ್ಷೆ ಮಾಡಿದಳು. ಪ್ರತಿ ಸಲವೂ ನಿಜವಾಯಿತು. ಆಮೇಲೆ ಗಯಾಬಾಯಿಗೆ ಹೇಳಿದಳು.

"ನಿಮ್ಮ ಕನ್ನಡದಾಗ ಮಾತಿನ ವಿಷ ಎಲ್ಲಾ ಬಾಲದಾಗ ಅದ. ಮುಂದ ನೋಡಿದ್ರ, ಸಾರ್ವಜನಿಕರು, ದಯವಿಟ್ಟು, ಇಲ್ಲಿ, ಎಲ್ಲಾ ಬೆಲ್ಲ. ಕಡೀಕ ನೋಡಿದ್ರ ಕುಂದರಬಾರದು, ನಿಲ್ಲಬಾರದು, ಉಗುಳಬಾರದು. ನೀವು ಬೆಲ್ಲ ತಿನ್ನೋದ್ರಾಗ ಬಾಲ ಕಡೀತದ. ನಾ ಮೊದಲ ಬಾಲ ಹಿಡೀತೀನಿ."

ಗಯಾಬಾಯಿ ನಕ್ಕಳು. ಆ ಮಾತಿನ ಬೆಲೆ ಅವಳಿಗೆ ಗೊತ್ತಾದದ್ದು ತರಬೇತಿಯ ದಿನ.

ಯಂತ್ರ ಬಂದು, ನೀಲಿ ಪ್ಲಾಸ್ಟಿಕ್ ಹೊದ್ದು, ಮೂಲೆಯಲ್ಲಿ ನಿಂತಿತ್ತು. ಅದನ್ನು ಕೊಳ್ಳಲು ಸಾವ್ಕಾರನಿಗೆ ಯಾವುದೋ ಯೋಜನೆಯಲ್ಲಿ ಸರ್ಕಾರ ಅರ್ಧ ಭಾರ ಹೊತ್ತಿತ್ತು. ಒಂದೇ ಶರತ್ತು: ಮಿಲ್ಲಿನ ಹೆಂಗಸರಿಗೆ ಮೂವತ್ತು ದಿನ ಯಂತ್ರದ ಕೆಲಸ ಕಲಿಸಬೇಕು, ಕಲಿತವರಿಗೆ ಆ ಕೆಲಸ ಕೊಡಬೇಕು. ಇದನ್ನು ಹೆಂಗಸರಿಗೆ ಯಾರೂ ಹೇಳಿರಲಿಲ್ಲ. ಬೀದರಿನಿಂದ ದೀಪಾಲಿ ಎನ್ನುವ ಹುಡುಗಿ ತರಬೇತಿ ಕೊಡಲು ಬಂದಳು. ಮೂವತ್ತು ದಿನದ ತರಬೇತಿಯನ್ನು ಅವಳು ಒಂದು ತಾಸಿನಲ್ಲಿ ಮುಗಿಸಬೇಕಿತ್ತು, ಅವತ್ತೇ ಅವಳಿಗೆ ಇನ್ನೂ ಎರಡು ಊರು ಇತ್ತು. ಬಂದವಳೇ ಬ್ಯಾನರು ಕಟ್ಟಿಸಿದಳು. ಕಲಿಕೆಗೆ ವಯಸ್ಸಿನ ಮಿತಿ ಇಲ್ಲ, ಎಂದು ಅದರಲ್ಲಿತ್ತು. ಮುನ್ನಿ ಬೀ ಅದನ್ನೂ ಬಲದಿಂದ ಓದಿ, ಇಲ್ಲ ಅನ್ನುವುದು ಮೊದಲು ಸಿಕ್ಕಿ, ಅನುಮಾನ ಪಟ್ಟಳು.

ದೀಪಾಲಿ ಜೀವನದಲ್ಲಿ ಗುರಿ ಇರಬೇಕು, ಮುಖದಲ್ಲಿ ನಗು ಇರಬೇಕು, ಆತ್ಮವಿಶ್ವಾಸ ಇರಬೇಕು ಅಂದಳು. ದಿನಕ್ಕೆ ಎಂಟು ಗ್ಲಾಸು ನೀರು ಕುಡಿಯಬೇಕು ಅಂದಳು. ನಲವತ್ತು ಜೋಡಿ ಕಣ್ಣು ಶಂಕರಲಿಂಗನ ಸೊಂಟದ ಕೀಲಿಯ ಕಡೆ ತಿರುಗಿದವು. ಆಮೇಲೆ ಯಂತ್ರದ ಪ್ಲಾಸ್ಟಿಕ್ ಸರಿಸಿ, ಐದೈದು ಜನರನ್ನು ನಿಲ್ಲಿಸಿ, ಅದರ ಮೇಲೆ ಕೈ ಇಡಿಸಿ ಫೋಟೋ ತೆಗೆದರು. ಫೋಟೋ ಆದ ಕೂಡಲೇ ಕೈ ತೆಗೆಯಿರಿ ಅಂದರು. ಪ್ಲಾಸ್ಟಿಕ್ ಮತ್ತೆ ಹೊದಿಸಿದರು. ಕೈಗೊಂದು ಬಿಸ್ಕೀಟು, ಕೈಗೊಂದು ಕಾಗದ.

ಕಾಗದಕ್ಕೆ ಎಲ್ಲರೂ ಸಹಿ ಮಾಡಬೇಕಿತ್ತು. ಗಯಾಬಾಯಿ ಮೇಲಿನಿಂದ, ಎಡದಿಂದ, ನಾಲ್ಕನೇ ಇಯತ್ತೆಯ ಪದ್ಧತಿಯಲ್ಲಿ ಓದಲು ಹೊರಟಳು: ಈ ಕೆಳಗೆ ಸಹಿ ಮಾಡಿದ ನಾನು ಮೇಲ್ಕಂಡ ಯೋಜನೆಯ ಅಡಿಯಲ್ಲಿ. ಅಷ್ಟಕ್ಕೇ ಅವಳ ಉಸಿರು ಮುಗಿಯಿತು. ಬಹುಶಃ ಬರೆದವರ ಉದ್ದೇಶವೂ ಅದೇ. ಮುನ್ನಿ ಬೀಯ ಕಣ್ಣು ಆಗಲೇ ಕೊನೆಯ ಸಾಲಿನ ಬಲತುದಿಗೆ ಹೋಗಿ ಕೂತಿತ್ತು. ಆಕೆ ಎದ್ದು ನಿಂತು, ಒಂದೊಂದೇ ಶಬ್ದ ಹಿಂದಕ್ಕೆ ಸರಿಯುತ್ತ ಗಟ್ಟಿಯಾಗಿ ಓದಿದಳು.

"ಇಲ್ಲ. ನನಗೆ. ಇಚ್ಛೆ. ಮಾಡುವ. ಕೆಲಸ. ಯಂತ್ರದ."

ಶಂಕರಲಿಂಗ, ರಿಗತೊ ಮತ್ತೆ ಶುರುವಾಯಿತು ಎಂದು ನಕ್ಕ. ಹಮಾಲರು ನಕ್ಕರು. ಗಯಾಬಾಯಿ ನಗದೆ ತನ್ನ ಕಾಗದದ ಕೊನೆಯ ಸಾಲನ್ನು ಬೆರಳಿಟ್ಟು ಹುಡುಕಿದಳು. ಎಡದಿಂದ ಓದಿದಳು. ಯಂತ್ರದ ಕೆಲಸ ಮಾಡುವ ಇಚ್ಛೆ ನನಗೆ ಇಲ್ಲ. ಅದರ ಮೇಲಿನ ಸಾಲು, ಮೂವತ್ತು ದಿನದ ತರಬೇತಿಯನ್ನು ಪೂರ್ಣವಾಗಿ ಪಡೆದಿರುತ್ತೇನೆ. ಸಾಲಿನ ಹೆಂಗಸರು ಒಬ್ಬೊಬ್ಬರಾಗಿ ಬಿಸ್ಕೀಟು ಅಗಿಯುವುದನ್ನು ನಿಲ್ಲಿಸಿದರು.

"ಸಾವ್ಕಾರ," ಅಂದಳು ಮುನ್ನಿ ಬೀ, "ನನಗ ಇಚ್ಛಾ ಇಲ್ಲಂತ ನಿಮಗ ಯಾರು ಹೇಳ್ಯಾರ?"

ಸಾವ್ಕಾರ, ಇದೆಲ್ಲ ಸುಮ್ಮನೆ ಕಾಗದದ ಪದ್ಧತಿ, ಎಲ್ಲಾ ಮಿಲ್ಲಿನಲ್ಲೂ ಹೀಗೇ ಅಂದ.

"ಕಾಗದ ಓದಿ ತೋರ್ಸು, ಅವತ್ತೇ ಕುಂದರಸ್ತೀನಿ ಅಂದಿದ್ರಿ. ಓದಿ ತೋರ್ಸೀನಿ. ಕುಂದರಸ್ರಿ."

ಮಿಲ್ಲಿನಲ್ಲಿ ಎಲ್ಲರೂ ಆ ಮಾತು ಕೇಳಿಸಿಕೊಂಡಿದ್ದರು. ಹಮಾಲರೂ ಕೇಳಿಸಿಕೊಂಡಿದ್ದರು. ಸಾವ್ಕಾರನ ಕುತ್ತಿಗೆ ಕೆಂಪಾಯಿತು.

"ಉಲ್ಟಾ ಓದಿದ್ದು ಓದೇ ಅಲ್ಲ," ಅಂದ. "ಊಟ ಆದಮ್ಯಾಲ ಎಲ್ಲಾರ ಸಹಿ ಬೇಕು. ಸಹಿ ಹಾಕದವರು ನಾಳೆ ಬರೋದು ಬ್ಯಾಡ."

ಊಟಕ್ಕೆ ಯಾರೂ ರೊಟ್ಟಿ ಬಿಚ್ಚಲಿಲ್ಲ. ಪೂನಂ ಅನ್ನುವ ಹುಡುಗಿ ಎಲ್ಲರಿಗಿಂತ ಚಿಕ್ಕವಳು, ಮನೆಯಲ್ಲಿ ಹಾಲು ಕುಡಿಯುವ ಕೂಸು. ಅವಳು ಅಳತೊಡಗಿದಳು. ಕೆಲಸ ಹೋದರೆ ಏನು ಮಾಡುವುದು, ಹಾಕಿಬಿಡೋಣ ಅಂದಳು. ನಾಲ್ಕೈದು ಜನ ಅವಳ ಕಡೆ ಆದರು.

ಮುನ್ನಿ ಬೀ ಬೈಯಲಿಲ್ಲ. "ಸಹಿ ಹಾಕಿದ್ರ ಕೆಲಸ ಉಳೀತದೇನು ಬೇಟಿ? ಆ ಯಂತ್ರ ಬಿಚ್ಚಿದ ದಿನ ನಲವತ್ತು ಮಂದಿ ಯಾಕ ಬೇಕು ಅವನಿಗೆ? ಹಾಕಿದ್ರೂ ಹೋಗ್ತದ, ಹಾಕದಿದ್ರೂ ಹೋಗ್ತದ. ಹೋಗೋದಾದ್ರ ನಮಗೇನು ಬೇಕಿತ್ತು ಅಂತ ಹೇಳಿ ಹೋಗೋಣ."

"ಹ್ಯಾಂಗ ಹೇಳೋದು? ಬಾಯಿ ಮಾತು ಯಾರು ಕೇಳ್ತಾರ?" ಅಂದಳು ಪೂನಂ.

"ಬಾಯಿಲೆ ಬ್ಯಾಡ. ಸಹಿ ಬೇಕಂತಲ್ಲ ಅವನಿಗೆ? ಕೊಡೋಣ."

ಹೊಟ್ಟು ಹರಡಿದಳು. ಅಂಗೈಯಿಂದ ಸಪಾಟು ಮಾಡಿದಳು. ಎರಡೇ ಅಕ್ಷರ ಬರೆದಳು. ಒಂದಕ್ಕೆ ಒತ್ತು ಇತ್ತು. ಬಲಗಡೆಯಿಂದ ಬರೆದಳು, ಬೇಕಂತಲೇ. ಗಯಾಬಾಯಿ ನೋಡಿದಳು, ಸೆರಗಿನಿಂದ ಬಾಯಿ ಮುಚ್ಚಿಕೊಂಡಳು, ಭುಜ ಕುಣಿಯತೊಡಗಿದವು. ಹುಟ್ಟಿದಾಗಿನಿಂದ ಹೆಬ್ಬೆಟ್ಟು ಒತ್ತಿದ ಮೂವತ್ತೆಂಟು ಹೆಂಗಸರು ಸುತ್ತ ಕೂತು, ಹೊಟ್ಟಿನಲ್ಲಿ ಆ ಎರಡು ಅಕ್ಷರ ತಿದ್ದಿದರು. ಒತ್ತು ಕೈಗೆ ಹತ್ತಲು ಎಲ್ಲರಿಗಿಂತ ಹೆಚ್ಚು ಹೊತ್ತು ಹಿಡಿದದ್ದು ಪೂನಂಗೆ. ಕಣ್ಣೀರು ಬಿದ್ದು ಹೊಟ್ಟು ಮೆತ್ತುತ್ತಿತ್ತು. ಗಂಟೆ ಬಾರಿಸುವ ಹೊತ್ತಿಗೆ ಅವಳಿಗೂ ಬಂತು.

ನಲವತ್ತು ಕಾಗದ, ನಲವತ್ತು ಸಹಿ. ಹೆಬ್ಬೆಟ್ಟಿನ ಹೆಂಗಸರೆಲ್ಲ ಪೆನ್ನು ಹಿಡಿದು ಬರೆಯುವುದನ್ನು ಕಂಡು ಸಾವ್ಕಾರನಿಗೆ ಭಾರಿ ಖುಷಿಯಾಯಿತು. ತರಬೇತಿ ಆಗಿದೆ ಅನ್ನಲು ಇದಕ್ಕಿಂತ ಪುರಾವೆ ಬೇಕೆ? ದೀಪಾಲಿ ಕಟ್ಟು ಕಟ್ಟಿಕೊಂಡು ಮುಂದಿನ ಊರಿಗೆ ಓಡಿದಳು. ಯಾರೂ ಸಹಿ ಓದಲಿಲ್ಲ. ಹೆಂಗಸರ ಸಹಿ ಓದುವ ಚಾಳಿ ಆ ಮಿಲ್ಲಿನಲ್ಲಿ ಯಾರಿಗೂ ಇರಲಿಲ್ಲ.

ಹನ್ನೆರಡು ದಿನದ ಮೇಲೆ ಕಾಗದಗಳ ತಪಾಸಣೆಗೆ ಒಬ್ಬ ಅಧಿಕಾರಿ ಬಂದ. ವಯಸ್ಸಾದವನು, ನಿವೃತ್ತಿಗೆ ಹತ್ತಿರ, ತಾನು ಸಹಿ ಮಾಡುವ ಕಾಗದವನ್ನು ಓದುವ ಹಳೆಯ ರೋಗ ಇದ್ದವನು. ಸಾವ್ಕಾರ ಅವನಿಗೆ ಕೆಂಪು ಕುರ್ಚಿ ಹಾಕಿಸಿ, ಚಹಾ ತರಿಸಿದ. ಅಧಿಕಾರಿ ಚಹಾ ಪಕ್ಕಕ್ಕಿಟ್ಟು ಕಾಗದ ತಿರುವಿದ. ಮತ್ತೆ ತಿರುವಿದ. ಕನ್ನಡಕ ಒರೆಸಿಕೊಂಡ.

"ಇಲ್ಲಿ ಲ್ಲಇ ಅನ್ನುವವರು ಯಾರು?"

ನಲವತ್ತು ಕೈ ಮೇಲೆ ಎದ್ದವು.

ಎಲ್ಲರ ಹೆಸರೂ ಒಂದೇ ಹೇಗೆ ಎಂದು ಅಧಿಕಾರಿ ಕೇಳಿದ. ಸಾವ್ಕಾರ ಇಣುಕಿ ನೋಡಿ, ಅನಕ್ಷರಸ್ಥ ಹೆಂಗಸರು ಸಾಹೇಬ್ರೆ, ಏನೋ ಗೀಚಿದ್ದಾರೆ ಅಂದ. ಮುಸಲರ ಪೈಕಿ ಹೆಸರಿರಬೇಕು ಎಂದು ಶಂಕರಲಿಂಗ ಸೇರಿಸಿದ. ಗಯಾಬಾಯಿ ಎದ್ದು, ನಾನು ಘಾಟಬೋರಾಳದ ಮರಾಠರಾಕಿ, ನನ್ನ ಹೆಸರೂ ಅದೇ ಅದ ಅಂದಳು. ಅಧಿಕಾರಿ ಕಾಗದವನ್ನು ದೂರ ಹಿಡಿದ, ಹತ್ತಿರ ಹಿಡಿದ, ತಲೆಕೆಳಗೆ ಮಾಡಿ ನೋಡಿದ.

ಆಗ ಮುನ್ನಿ ಬೀ ಮೊಣಕಾಲು ಹಿಡಿದುಕೊಂಡು ಎದ್ದಳು. ಕುರ್ಚಿಯ ಹತ್ತಿರ ಬಂದಳು. ಆಕೆಯ ಅಂಗೈಯಲ್ಲಿ ಸಿಮೆಂಟಿನ ಗಾಯ ಒಣಗಿ ಕಪ್ಪು ಕಲೆಯಾಗಿತ್ತು.

"ಸಾಹೇಬ್ರ, ನಮ್ಮ ಕಡಿಂದ ಓದ್ರಿ."

ಅಧಿಕಾರಿಯ ಬೆರಳು ಬಲಕ್ಕೆ ಹೋಯಿತು. ಅಲ್ಲಿಂದ ನಿಧಾನ ಎಡಕ್ಕೆ ಬಂತು. ಅವನ ತುಟಿ ಅಲುಗಿತು. ಇ. ಲ್ಲ.

"ಇಲ್ಲ," ಅಂದ. ಇನ್ನೊಂದು ಕಾಗದ ನೋಡಿದ. "ಇಲ್ಲ." ಮತ್ತೊಂದು. "ಇಲ್ಲ." ತಲೆ ಎತ್ತಿದ. "ಏನಮ್ಮ ಇಲ್ಲ?"

"ಮೂವತ್ತು ದಿನದ ತರಬೇತಿ ಇಲ್ಲ. ಒಂದು ದಿನದ್ದೂ ಇಲ್ಲ. ಯಂತ್ರದ ಗುಂಡಿ ಎಲ್ಲಿ ಅದ ಅಂತ ನೋಡಾಕ ಸೈತ ಬಿಟ್ಟಿಲ್ಲ. ನಮಗ ಕಲಿಯೋ ಇಚ್ಛಾ ಇಲ್ಲ ಅಂತ ಬರದಾರಲ್ಲ, ಅದೂ ಇಲ್ಲ."

ಅಧಿಕಾರಿ ದೇವರಂಥವನು ಎಂದೇನೂ ತಿಳಿಯಬೇಡಿ. ನಲವತ್ತು ಇಲ್ಲಗಳ ಕೆಳಗೆ ತನ್ನೊಂದು ಹೌದು ಹಾಕಿ ಸಿಕ್ಕಿಬೀಳಲು ಅವನಿಗೆ ಮನಸ್ಸಿರಲಿಲ್ಲ, ಪೆನ್ಶನ್ ಹತ್ತಿರ ಇತ್ತು. ತರಬೇತಿ ನಡೆದಿಲ್ಲ, ಹೊಸದಾಗಿ ನಡೆಸಬೇಕು, ಇಲ್ಲದಿದ್ದರೆ ಯಂತ್ರಕ್ಕೆ ಸರ್ಕಾರ ಕೊಟ್ಟದ್ದು ವಾಪಸು ಎಂದು ಬರೆದು, ಚಹಾ ಕುಡಿಯದೆ ಎದ್ದ. ಎದ್ದ ಮೇಲೆ ಕುರ್ಚಿ ಖಾಲಿ ಆಯಿತು. ಮುನ್ನಿ ಬೀ ಅದರಲ್ಲಿ ಕೂತಳು. ಯಾರೂ ಕೂರು ಅನ್ನಲಿಲ್ಲ. ಏಳು ಅನ್ನಲು ಸಾವ್ಕಾರ ಬಾಯಿ ತೆರೆದ, ನಲವತ್ತು ಜನ ಅವನ ಬಾಯನ್ನೇ ನೋಡುತ್ತಿದ್ದರು, ಮುಚ್ಚಿದ. ರೆಕ್ಸಿನ್ನಿನ ಕೆಳಗೆ ಒಂದು ಮೊಳೆ ಎದ್ದಿತ್ತು. ಇಷ್ಟು ವರ್ಷ ಇದರ ಮೇಲೆ ಕೂತವರು ಹೇಗೆ ಕೂತಿದ್ದರೋ ಎಂದು ಆಕೆಗೆ ಒಂದು ಗಳಿಗೆ ಕನಿಕರವಾಯಿತು.

ತರಬೇತಿ ಮೂವತ್ತು ದಿನ ನಡೆಯಿತು. ದೀಪಾಲಿಯೇ ಬಂದಳು, ಈ ಸಲ ಬ್ಯಾನರಿಲ್ಲದೆ, ಕಂಪನಿಯ ಮೆಕ್ಯಾನಿಕನನ್ನು ಕರೆದುಕೊಂಡು. ಪರದೆಯ ಮೇಲೆ ಇದ್ದದ್ದು ಇಂಗ್ಲಿಷು. ಬಿ.ಕಾಂ. ಶಂಕರಲಿಂಗನಿಗೂ ಅದರಲ್ಲಿ ಅರ್ಧ ಓದಲು ಬರುತ್ತಿರಲಿಲ್ಲ, ಹಿಂದಿನ ಸಾಲಿನಲ್ಲಿ ಪೂನಂ ಪಕ್ಕ ಕೂತು ಕಲಿತ. ಇಂಗ್ಲಿಷ್ ಯಾವ ಕಡೆಯಿಂದ ಎಂದು ಮುನ್ನಿ ಬೀ ಮೊದಲೇ ಕೇಳಿಕೊಂಡಳು. ಎಡದಿಂದ ಅಂದಾಗ, ಸದ್ಯ, ಮೇಲಿನಿಂದ ಕೆಳಕ್ಕೆ ಅನ್ನಲಿಲ್ಲವಲ್ಲ ಅಂದಳು. ಕ್ಯಾಮೆರಾ ಹುಳುಕನ್ನೂ ತೇವವನ್ನೂ ಒಂದೇ ಅಂದುಕೊಂಡು ಒಳ್ಳೆ ಕಾಳು ಹಾರಿಸುತ್ತಿದ್ದುದನ್ನು ಮೊದಲು ಹಿಡಿದವಳು ಆಕೆಯೇ. ಹಾರಿಬಿದ್ದ ಕಾಳನ್ನು ಹಲ್ಲಿಗಿಟ್ಟು ಕಟ್ ಅನ್ನಿಸಿ, ನಿನ್ನ ಯಂತ್ರಕ್ಕೆ ಹಲ್ಲಿಲ್ಲ ಎಂದು ಮೆಕ್ಯಾನಿಕನಿಗೆ ಹೇಳಿದಳು. ಅವನು ಗುಂಡಿ ತಿರುಗಿಸಿ ಸರಿಮಾಡಿಕೊಂಡ.

ಎಲ್ಲರಿಗೂ ಯಂತ್ರದ ಕೆಲಸ ಸಿಗಲಿಲ್ಲ. ಆರು ಜನರಿಗೆ ಸಿಕ್ಕಿತು, ಮೊದಲ ಹೆಸರು ಮುನ್ನಿ ಬೀಯದು, ಸಾವ್ಕಾರ ಹಲ್ಲು ಕಡಿಯುತ್ತ ಕೊಟ್ಟ. ಉಳಿದವರು ಯಂತ್ರ ಬಿಟ್ಟದ್ದನ್ನು ಆರಿಸುತ್ತಿದ್ದಾರೆ, ಮತ್ತು ಸರದಿ ಬರಲಿ ಎಂದು ಸಂಜೆ ಗಯಾಬಾಯಿಯ ಹತ್ತಿರ ಹೊಟ್ಟಿನಲ್ಲಿ ಅಕ್ಷರ ತಿದ್ದುತ್ತಿದ್ದಾರೆ. ಜಗಳ ಮುಗಿದಿಲ್ಲ.

ಕೆಂಪು ಕುರ್ಚಿ ಯಂತ್ರದ ಮುಂದೆ ಬಂತು, ಅದರ ಜೊತೆ ಪಾಯಖಾನೆಯ ಕೀಲಿಯೂ ಮುನ್ನಿ ಬೀಗೆ ಬಂತು. ಮೊದಲ ದಿನ ಆಕೆ ಬೀಗ ತೆಗೆದು, ಕೀಲಿಯನ್ನು ಹೊಟ್ಟಿನ ರಾಶಿಗೆ ಎಸೆದಳು. ಆಮೇಲೆ ಯಂತ್ರ ಚಾಲೂ ಮಾಡಿದಳು.

ಮೊದಲ ಚೀಲ ತುಂಬಿತು. ಶಂಕರಲಿಂಗ ಚೀಟಿ, ಪೆನ್ನು ತಂದುಕೊಟ್ಟು, ಈ ಸಲ ಸರಿಯಾಗಿ ಬರಿ ಎಂದು ಸಾವ್ಕಾರ ಹೇಳಿಕಳಿಸಿದ್ದಾನೆ ಅಂದ. ಆಕೆ ಎಡದಿಂದ ಬರೆದಳು. ತೊಗರಿ. ದುಂಡಗೆ, ಒಳ್ಳೆ ಕಾಳಿನ ಹಾಗೆ. ಆಮೇಲೆ ಚೀಟಿ ಮಗುಚಿ ಹಾಕಿ, ಹಿಂದೆ ಬರೆದಳು. ರಿಗತೊ.

"ಚಾಚಿ, ಸರಿ ಬರಿಯಾಕ ಬರ್ತದಲ್ಲ ಈಗ. ಮತ್ತ ಇದ್ಯಾಕ?"

"ಬರ್ತದ ಅಂತ ಗೊತ್ತಾಗ್ಲಿ ಅಂತ ಮುಂದ," ಅಂದಳು ಮುನ್ನಿ ಬೀ. "ಹ್ಯಾಂಗ ಬಂತು ಅಂತ ಗೊತ್ತಾಗ್ಲಿ ಅಂತ ಹಿಂದ. ಚೀಲ ಎತ್ತು."